ಹೋಟೆಲಿನ ಕಟ್ಟಿ ಮ್ಯಾಲೆ ನಾಯಿ

ನಮ್ಮ ಓಣ್ಯಾಗ ಎರಡು ವಾರದಿಂದ ಒಂದೇ ಚರ್ಚಾ ನಡದದ. ಬೆಂಗಳೂರಾಗಿರೋ ಮಕ್ಕಳು ಮನ್ಯಾಗಿನ ನಾಯೀನ್ನ ಹೋಟೆಲಿಗೆ ಕರಕೊಂಡು ಹೋಗ್ತಾರಂತ. ಗಿಡದ ಕೆಳಗಿನ ಟೇಬಲ್ ಹಿಡದು ಕೂಡ್ತಾರ, ನಾಯಿ ಕಾಲ ಬುಡಕ ಮಲಗ್ತದ, ಅದಕ್ಕ ಬ್ಯಾರೆ ಬಟ್ಟಲದಾಗ ನೀರು ಬರ್ತದ. ಫೋಟೋ ನೋಡಿ ಮೂಲಿಮನಿ ಕಾಕು "ಕಲಿಗಾಲ ಬಂತವಾ" ಅಂದ್ರು. ನಮ್ಮ ವೈನಿ "ಇದೆಲ್ಲಾ ಅಮೇರಿಕಾದವರ ಚಟ, ನಮ್ಮವರು ಕಲತಾರ" ಅಂದ್ರು. ಸೊಸ್ತೇರು "ನಾಯಿನೂ ಮನಿ ಮಂದೀನ ಅಲ್ಲೇನು" ಅಂತ ಮುಖ ಸಣ್ಣ ಮಾಡಿದ್ರು. ಮೂರೂ ಮಾತಿನಾಗ ಒಂದೀಟು ಖರೇ ಅದ, ಒಂದೀಟು ಇಲ್ಲ. ಹಿಂದಿನ ಕತಿ ತಿಳಕೊಂಡು ಜಗಳಾಡಿದ್ರ ಜಗಳಕ್ಕರೆ ಒಂದು ರುಚಿ ಇರ್ತದ ಅಂತ ಇದನ್ನ ಬರೀಲಿಕ್ಕೆ ಕೂತೀನಿ.

ಮದಲ ನಮ್ಮ ಹಳೇ ಮನಿಗಳನ್ನ ನೆನಪು ಮಾಡ್ಕೋರಿ. ಮುಂದ ಕಟ್ಟಿ, ಆಮ್ಯಾಲೆ ಪಡಸಾಲಿ, ನಡಮನಿ, ಅದರಾಚೆ ಅಡಗಿಮನಿ, ದೇವರಮನಿ. ಕಟ್ಟಿ ಅನ್ನೋದು ಮನಿ ಒಳಗೂ ಅಲ್ಲ, ಬೀದಿನೂ ಅಲ್ಲ. ಕಾಯಿಪಲ್ಯದಾಕಿ ಬುಟ್ಟಿ ಇಳಸೋದು ಅಲ್ಲೆ, ದಾರಿ ಹೋಕರು ನೀರು ಕುಡಿಯೋದು ಅಲ್ಲೆ, ಮನಿ ನಾಯಿ ಮಲಗೋದೂ ಅಲ್ಲೆ. ಅಂಗಳದಾಗ ಟೇಬಲ್ ಹಾಕಿರೋ ಹೋಟೆಲಂದ್ರ ಇದೇ ಕಟ್ಟಿ ನೋಡ್ರಿ. ಮ್ಯಾಲೆ ಆಕಾಶ ಕಾಣ್ತದ, ಅಡಗಿಮನಿ ದೂರ ಇರ್ತದ. ಹಂಗಾಗಿ ನಾಯಿ ಒಳಗ ಬರಲಾರದ ಅಲ್ಲೇ ಬಂದು ಕೂತದ. ನಾನು ಓದಿದ್ದರಾಗ ಕಂಡದ್ದಿಷ್ಟು: ಮಂದಿ ಉಣ್ಣೋ ಜಾಗಕ್ಕ ನಾಯಿ ಹೊಸದಾಗಿ ಬಂದಿಲ್ಲ, ಅದು ಯಾವತ್ತೂ ಅಲ್ಲೇ ಇತ್ತು. ಬದಲಾಗಿದ್ದು ಅಲ್ಲೆ ಅದಕ್ಕ ಕೊಟ್ಟ ಕೆಲಸ, ಮತ್ತ ಅದರ ಸಂಗತೀಲೆ ಯಾರನ್ನ ಹೊರಗ ನಿಲ್ಲಿಸಿದ್ರು ಅನ್ನೋದು.

ಭಾಳ ಹಳೇ ಹೋಟೆಲೊಂದರಿಂದ ಸುರು ಮಾಡ್ತೀನಿ. ಇಟಲಿ ದೇಶದಾಗ ಪಾಂಪೇಯಿ ಅಂತ ಊರು. ಕ್ರಿ.ಶ. 79ರಾಗ ವೆಸುವಿಯಸ್ ಅನ್ನೋ ಬೆಂಕಿಗುಡ್ಡ ಸಿಡದು ಇಡೀ ಊರು ಬೂದಿಯೊಳಗ ಮುಚ್ಚಿಹೋತು. ಬೂದಿ ಮುಚ್ಚಿದ್ದಕ್ಕ ಊರು ಇದ್ದಂಗ ಉಳೀತು. ಆ ಊರಾಗ ರಸ್ತೆ ಕಡೆ ಮುಖ ಮಾಡಿದ ಸಣ್ಣ ಸಣ್ಣ ಊಟದ ಅಂಗಡಿ ಇದ್ದವು, ಸುಮಾರು 80. ಮುಂದ ಗಾರೆ ಕಟ್ಟಿ, ಕಟ್ಟಿಯೊಳಗ ತೂತು, ತೂತಿನಾಗ ಇಳಿಬಿಟ್ಟ ಮಣ್ಣಿನ ಹರವಿ, ಹರವಿಯೊಳಗ ಊಟ. ಬಡವರ ಮನ್ಯಾಗ ಅಡಗಿಮನೀನ ಇರತಿರಲಿಲ್ಲ. ಅವರು ಇಂಥಾ ಅಂಗಡಿ ಮುಂದ ನಿಂತೋ, ಕಟ್ಟಿ ಹಿಡದೋ ತಿಂದು ಹೋಗ್ತಿದ್ರು. ನಮ್ಮ ಗಿರ್ಮಿಟ್ಟು-ಮಿರ್ಚಿ ಗಾಡಿ ಮುಂದ ನಿಂತಂಗ ಅನ್ನರಿ.

ಅಂಥಾ ಒಂದು ಅಂಗಡಿ 2019ರಾಗ ಅರ್ಧ ಕಾಣಿಸ್ತು, ಪೂರ್ತಿ ಅಗದು ತಗದ ಸುದ್ದಿ 2020ರ ಡಿಸೆಂಬರದಾಗ ಬಂತು. ಆ ಕಟ್ಟಿ ಮ್ಯಾಲಿನ ಚಿತ್ರದ ಬಣ್ಣ ಇನ್ನೂ ಹಸೇದು ಇದ್ದಂಗ ಕಾಣ್ತದ. ತಲಿ ಕೆಳಗ ಮಾಡಿ ಇಟ್ಟ ಬಾತುಕೋಳಿ, ಒಂದು ಹುಂಜ. ಇವು ಇಲ್ಲೆ ಸಿಗ್ತಾವು ಅಂತ ತೋರಸೋ ಬೋರ್ಡಿದ್ದಂಗ. ಮತ್ತ ಅವುಗಳ ಜೋಡಿನ ಒಂದು ನಾಯಿ! ಕೊಳ್ಳಾಗ ಪಟ್ಟಾ, ಪಟ್ಟಾಕ್ಕ ಹಗ್ಗ. ನಾಯಿ ಚಿತ್ರದ ಸುತ್ತ ಯಾರೋ ಕಿಡಿಗೇಡಿ ಹೊಲಸು ಬೈಗುಳ ಗೀಚ್ಯಾನ, ಅದನ್ನ ನಾ ಇಲ್ಲೆ ಬರಿಯೂದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಗ್ವಾಡಿ ಮ್ಯಾಲೆ ಬರಿಯೋ ಜಾತಿ ಆವಾಗಿಂದನೂ ಅದ.

ಚಿತ್ರ ಇರಲಿ, ಆ ಅಂಗಡಿಯೊಳಗ ಖರೇ ನಾಯಿ ಎಲುವು ಸಿಕ್ಕಾವ. ಪೂರ್ತಿ ಬೆಳದ ನಾಯಿ, ಆದ್ರ ಹೆಗಲ ತನಕ ಎತ್ತರ ಬರೇ 20ರಿಂದ 25 ಸೆಂಟಿಮೀಟರ್. ನಮ್ಮ ಒಂದು ಗೇಣಿನ ಆಸುಪಾಸು. ಇಷ್ಟು ಸಣ್ಣ ನಾಯಿ ತಾನಾಗೇ ಹುಟ್ಟೂದಿಲ್ಲ, ಬೇಕಂತ ತಳಿ ಬೆಳಸಿರಬೇಕು ಅಂತ ಅಗದವರು ಹೇಳ್ಯಾರ. ಅಂದ್ರ ಅದು ಕಾವಲಕ್ಕ ಇಟ್ಟ ನಾಯಿ ಅಲ್ಲ, ಬೇಟೆ ನಾಯಿನೂ ಅಲ್ಲ. ಕಾವಲ ನಾಯಿ ಬ್ಯಾರೆ ಇತ್ತು. ಅದೇ ಊರಿನ ಒಂದು ದೊಡ್ಡ ಮನಿ ಬಾಗಲದಾಗ ನಾಯಿ ಚಿತ್ರದ ಕೆಳಗ "ನಾಯಿ ಅದ, ಹುಷಾರ" ಅಂತ ಲ್ಯಾಟಿನ್ ಭಾಷಾದಾಗ ಹರಳಿಲೆ ಬರದಾರ. ನಮ್ಮ ಗೇಟಿನ ಬೋರ್ಡಿಗೆ ಹೆಚ್ಚು ಕಡಿಮಿ 2,000 ವರ್ಷ ಆತು. ಈ ಗೇಣುದ್ದದ ನಾಯಿ ಮುದ್ದಿಗೆ ಸಾಕಿದ್ದು. ಆ ದಿನ ಅಂಗಡ್ಯಾಗ ಯಾರ ಜೋಡಿ ಬಂದಿತ್ತೋ, ಅಂಗಡಿ ಮಾಲಕಂದೋ, ಅದನ್ನ ಹೇಳವರು ಯಾರೂ ಉಳೀಲಿಲ್ಲ.

ಇನ್ನ ಕಾಕು ಹೇಳಿದ ಕಲಿಗಾಲದ ಮಾತು. ಕಾಕು, ನೀವು ಪುರಾಣ ಕೇಳಿದವರು, ಮಹಾಭಾರತ ಎಲ್ಲಿಂದ ಸುರು ಆಗ್ತದ ನೆನಪು ಮಾಡ್ಕೋರಿ. ಆದಿಪರ್ವದಾಗ, ಪಾಂಡವರ ಕತಿ ಬರೂಕಿಂತ ಮದಲ, ಒಂದು ನಾಯಿಮರಿ ಅಳಕೋತ ತಾಯಿ ಕಡೆ ಓಡ್ತದ. ಜನಮೇಜಯ ತಮ್ಮಂದಿರ ಜೋಡಿ ಕುರುಕ್ಷೇತ್ರದಾಗ ದೊಡ್ಡ ಸತ್ರ ಹಿಡದಿದ್ದ. ಸರಮೆ ಅನ್ನೋ ದೇವಲೋಕದ ನಾಯೀ ಮಗ ಅಲ್ಲೆ ಬಂದ. ತಮ್ಮಂದಿರು ಹೊಡದು ಓಡಿಸಿದ್ರು. ತಾಯಿ ಕೇಳಿದ್ಲು: ನೀ ಏನರೆ ತಪ್ಪು ಮಾಡಿದ್ಯಾ? ಮರಿ ಹೇಳ್ತು: ಇಲ್ಲವಾ, ನಾ ಹವಿಸ್ಸು ನೋಡ್ಲೂ ಇಲ್ಲ, ನೆಕ್ಕಲೂ ಇಲ್ಲ. ಸರಮೆ ನೆಟ್ಟಗ ಯಜ್ಞದ ಜಾಗಕ್ಕ ಹೋಗಿ ಕೇಳಿದ್ಲು: ತಪ್ಪು ಮಾಡಲಾರದ ಕೂಸಿಗೆ ಯಾಕ ಹೊಡದ್ರಿ? ಯಾರೂ ಬಾಯಿ ಬಿಡಲಿಲ್ಲ. ಆಕಿ ಶಾಪ ಕೊಟ್ಲು: ನಿಮಗ ಕಾಣಲಾರದ ಕಡೆಯಿಂದ ಭಯ ಬರಲಿ. ರಾಜಾ ಅಂಜಿ, ಆ ಪಾಪ ಕಳೀಲಿಕ್ಕೆ ಒಬ್ಬ ಪುರೋಹಿತನ್ನ ಹುಡಕೋತ ಊರೂರು ಅಲದ.

ಈ ಕತಿಯೊಳಗ ನನಗ ಹಿಡಸೋದು ಸರಮೆ ಕೇಳಿದ ಪ್ರಶ್ನೆ. ನಾಯಿ ಪಂಕ್ತಿಗೆ ಬರಬಹುದೋ ಇಲ್ಲೋ ಅಂತ ಆಕಿ ವಾದಾ ಮಾಡಲಿಲ್ಲ. ನೆಕ್ಕಿದ್ರ ಹೊಡೀರಿ, ಬರೇ ಬಂದು ನಿಂತದ್ದಕ್ಕ ಯಾಕ ಹೊಡದ್ರಿ ಅಂತ ಕೇಳಿದ್ಲು. ಇವತ್ತು ಅಂಗಳದ ಹೋಟೆಲಿನ ನಿಯಮ ಬರಿಯೋ ಸರಕಾರಗಳು ಸುತ್ತಿ ಬಳಸಿ ಇದೇ ಮಾತಿಗೆ ಬಂದಾವ, ಮುಂದ ಹೇಳ್ತೀನಿ. ಇನ್ನ ಭಾರತದ ಕೊನಿಗೆ ಧರ್ಮರಾಯ ನಾಯೀನ್ನ ಬಿಟ್ಟು ಸ್ವರ್ಗದ ರಥ ಹತ್ತೂದಿಲ್ಲ ಅಂದದ್ದು ನಿಮಗೆಲ್ಲಾ ಗೊತ್ತದ. ಇಂದ್ರ ಸ್ವತಃ "ನಾಯಿ ಇದ್ದವರಿಗೆ ಇಲ್ಲೆ ಜಾಗ ಇಲ್ಲ" ಅಂದ. ಬಾಗಲದಾಗ ನಿಂತು ಬೋರ್ಡ್ ತೋರಿಸಿದಂಗ! ಧರ್ಮರಾಯ "ಹಂಗಿದ್ರ ನಾನೂ ಬರೂದಿಲ್ಲ" ಅಂತ ಹೊರಗ ನಿಂತ.

ನಮ್ಮ ಸೀಮಿ ನಡಾವಳಿನೂ ಏನು ಒಂದೇ ನಮೂನಿ ಇಲ್ಲ. ಶಾಸ್ತ್ರದ ಪ್ರಕಾರ ಉಣ್ಣೂಕಿಂತ ಮದಲ ತಗದಿಡೋ ಬಲಿಯೊಳಗ ಕಾಗಿಗೆ ಒಂದು ತುತ್ತು, ನಾಯಿಗೆ ಒಂದು ತುತ್ತು. ಅಂದ್ರ ಪಾಲು ಅದ, ಪಂಕ್ತಿಯೊಳಗ ಜಾಗ ಮಾತ್ರ ಇಲ್ಲ. ಒಲಿ ಮುಂದ ಕೂತು ಕಡೇ ರೊಟ್ಟಿ ನಾಯಿಗಂತ ತಗದಿಡೋ ಮನಿ ಇವತ್ತಿಗೂ ಎಷ್ಟೋ ಅವ. ಪಾರಸಿ ಮಂದಿಯೊಳಗ ಇದು ಇನ್ನೂ ಗಟ್ಟಿ. ತಾವು ಬಾಯಿಗಿಡೂಕಿಂತ ಮದಲ ಮೂರು ತುತ್ತು ನಾಯಿಗೆ, ಅದಕ್ಕ ಅವರ ಗುಜರಾತಿಯೊಳಗ "ಕುತ್ರಾನೋ ಬುಕ್" ಅಂತಾರ.

ಇನ್ನ ಮೈಲಾರಲಿಂಗನ ಗೊರವಪ್ಪಗಳನ್ನ ನೋಡ್ರಿ. ಕರೀ ಕಂಬಳಿ, ಕರಡಿ ಕೂದಲದ ಟೊಪಗಿ, ಕೈಯಾಗ ಡಮರು. ಮೈಲಾರದಾಗ, ದೇವರಗುಡ್ಡದಾಗ ದೋಣಿ ಸೇವಾ ಅಂತ ಮಾಡಸ್ತಾರ. ಭಕ್ತರು ಗೊರವರ ದೋಣಿಯೊಳಗ ಹಾಲು, ತುಪ್ಪ, ಬಾಳಿಹಣ್ಣು ಹಾಕ್ತಾರ. ಗೊರವರು ನಾಯಿಹಂಗ ಬೊಗಳಿ, ನಾಯಿಹಂಗ ಬಾಯಿ ಹಾಕಿ ಅದನ್ನ ತಿಂತಾರ. ಅವರು ದೇವರ ನಾಯಿ. ನಾಯಿ ಬಾಯಿ ಹಾಕಿದ್ದು ಎಂಜಲ ಅಂತ ಮಾರು ದೂರ ಸರಿಯೋ ಮಂದೀನ ಆ ದಿವಸ ಕೈ ಮುಗದು ನಿಂತಿರ್ತಾರ. ನಮ್ಮ ಮಡಿ-ಮೈಲಿಗಿ ಲೆಕ್ಕ ಎಂದೂ ಒಂದು ಗೆರಿ ಎಳದಂಗ ಇರಲಿಲ್ಲ ಅನ್ನೋದಕ್ಕ ಇದಕ್ಕಿಂತ ಬ್ಯಾರೆ ಏನು ಬೇಕು.

ಮಂಡ್ಯ ಜಿಲ್ಲಾ ಮದ್ದೂರ ತಾಲೂಕಿನ ಆತಕೂರಿನಾಗ ಒಂದು ಕಲ್ಲು ಸಿಕ್ಕದ, ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಾಗ ಶೌರ್ಯ ತೋರಿಸಿದ ಮಣಲೇರನಿಗೆ ಗಂಗರ ಅರಸ ಬೂತುಗ "ಏನು ಬೇಕು ಕೇಳು" ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿ. ಆ ಕಾಳಿ ಮುಂದ ದೊಡ್ಡ ಹಂದಿ ಜೋಡಿ ಕಾದಾಡಿ ಹಂದಿನ್ನೂ ಕೊಂದು ತಾನೂ ಸತ್ತಿತು. ಅದಕ್ಕ ಕಲ್ಲು ನಿಲ್ಲಿಸಿ, ಪೂಜಾಕ್ಕ ಅಂತ ಜಮೀನು ಬಿಟ್ರು. ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಾಗ ಅದ. ಬೆಂಗಳೂರಿಗೆ ಮಗನ ಮನಿಗೆ ಹೋದಾಗ ಮಾಲು-ಗೀಲು ಬಿಟ್ಟು ಒಮ್ಮೆ ನೋಡಿ ಬರ್ರಿ.

ಇನ್ನ ಯುರೋಪಿಗೆ ಹೋಗೋಣ, ಯಾಕಂದ್ರ ಹೋಟೆಲಿನೊಳಗ ನಾಯಿ ಮದಲ ಬಂದದ್ದು ಗಿರಾಕಿ ಆಗಿ ಅಲ್ಲ, ಕೂಲಿ ಆಗಿ. ಇದನ್ನ ಓದಿದಾಗ ನನಗ ಭಾಳ ಕೆಟ್ಟ ಅನ್ನಿಸ್ತು. ಇಂಗ್ಲಂಡಿನ ದೊಡ್ಡ ಮನಿ, ದಾರಿ ಹೋಕರ ಛತ್ರಗಳ ಅಡಗಿಮನ್ಯಾಗ ಮಾಂಸಾನ್ನ ಕಬ್ಬಣದ ಸಳಿಗೆ ಚುಚ್ಚಿ ಬೆಂಕಿ ಮುಂದ ತಾಸುಗಟ್ಟಲೆ ತಿರವಬೇಕಾಗಿತ್ತು. ಆ ಕೆಲಸಕ್ಕ ಗ್ವಾಡಿಗೆ ಒಂದು ಕಟಗಿ ಗಾಲಿ ಹಾಕಿ, ಅದರೊಳಗ ನಾಯಿ ಬಿಡ್ತಿದ್ರು. ನಾಯಿ ಓಡಿದ್ರ ಗಾಲಿ ತಿರಗ್ತದ, ಗಾಲಿ ತಿರಗಿದ್ರ ಸಳಿ ತಿರಗ್ತದ. ಉದ್ದ ಮೈ, ಗಿಡ್ಡ ಕಾಲು, ಅದಕ್ಕಂತನ ಬೆಳಸಿದ ತಳಿ. 1576ರ ಇಂಗ್ಲಿಷ್ ಪುಸ್ತಕದಾಗನ ಇದರ ವರ್ಣನಾ ಅದ. ಮುಂದ ಅಮೇರಿಕಾದ ಹೋಟೆಲಿಗೂ ಈ ಪದ್ಧತಿ ಹೋತು. ಪ್ರಾಣಿಗಳ ಮ್ಯಾಲಿನ ಹಿಂಸಾ ತಡೀಲಿಕ್ಕೆ 1866ರಾಗ ನ್ಯೂಯಾರ್ಕಿನಾಗ ಸಂಸ್ಥಾ ಕಟ್ಟಿದ ಹೆನ್ರಿ ಬರ್ಗ್ ಇದರ ವಿರುದ್ಧ ಬೆನ್ನು ಹತ್ತಿದ. ಅಷ್ಟರಾಗ ಸಳಿ ತಿರವೋ ಯಂತ್ರನೂ ಸೋವಿ ಆಗಿ ಬಂದವು. ನಾಯಿಗೆ ಕೆಲಸ ತಪ್ಪಿತು, ತಳೀನೂ ನಾಶ ಆತು. ವೇಲ್ಸಿನ ಅಬರ್ಗವೆನಿ ಅನ್ನೋ ಊರಿನ ಮ್ಯೂಸಿಯಮ್ಮಿನಾಗ ವಿಸ್ಕಿ ಅನ್ನೋ ಹೆಸರಿನ ಒಂದು ನಾಯಿ ತೊಗಲಿಗೆ ಹೊಟ್ಟು ತುಂಬಿ ಇಟ್ಟಾರ, ಉಳದದ್ದು ಅದೊಂದ. ದಿನಾ ಮೂಗಿನ ಮುಂದ ಮಾಂಸ ಬೇಯಸಿ, ಓಡಿಸಿ ಓಡಿಸಿ ದುಡಿಸಿದ್ರಲ್ಲ, ಅವುಕ್ಕ ಆ ಮಾಂಸದಾಗ ಒಂದು ತುಣಕರೆ ಹಾಕ್ತಿದ್ರೋ ಇಲ್ಲೋ.

ಅದೇ ಶತಮಾನದಾಗ ಜರ್ಮನಿಯೊಳಗ ಒಬ್ಬ ತತ್ತ್ವಜ್ಞಾನಿ ಇದ್ದ, ಶೋಪೆನ್‌ಹಾವರ್. ಮದಿವಿಲ್ಲ, ಮಕ್ಕಳಿಲ್ಲ. ಫ್ರಾಂಕ್‌ಫರ್ಟಿನಾಗ ದಿನಾ ಮಧ್ಯಾಹ್ನ ಒಂದು ಹೋಟೆಲಿನಾಗ ಊಟ, ಆಮ್ಯಾಲೆ ಪೂಡಲ್ ನಾಯಿ ಜೋಡಿ ಸುತ್ತಾಟ. ಆ ನಾಯಿ ಹೆಸರು ಏನು ಗೊತ್ತೇನು? "ಆತ್ಮಾ". ಒಂದು ಸತ್ತು ಇನ್ನೊಂದು ತಂದ್ರೂ ಹೆಸರು ಅದೇ. ದಾರಾ ಶಿಕೋ ಪಾರಸಿ ಭಾಷಾಕ್ಕ ಮಾಡಿಸಿದ ಉಪನಿಷತ್ತು ಮುಂದ ಲ್ಯಾಟಿನ್ನಿಗೆ ಹೋಗಿತ್ತು, ಅದನ್ನ ಓದಿ ಓದಿ ಇವನಿಗೆ ಹುಚ್ಚು ಹಿಡದಿತ್ತು. ದೇಹ ಬದಲಾದ್ರೂ ಆತ್ಮ ಒಂದೇ ಅನ್ನೋದನ್ನ ನಾಯಿ ಮ್ಯಾಲೆ ಪ್ರಯೋಗ ಮಾಡಿದ. ಸಾಯೂಕಿಂತ ಮದಲ ಮೃತ್ಯುಪತ್ರದಾಗ ನಾಯಿ ಹೊಟ್ಟಿಗೆ ರೊಕ್ಕಾನೂ ಬರದಿಟ್ಟ.

ಕೂಲಿ ನಾಯಿ ಹೋಗಿ ಗಿರಾಕಿ ನಾಯಿ ಬರೋ ನಡುವ ಇನ್ನೊಂದು ಜಾತಿ ಇತ್ತು: ಹೋಟೆಲ್ ಮುಂದ ಬಿದ್ದಿರೋ ಬೀದಿ ನಾಯಿ. ಇದರ ಕತಿ ಸಾನ್ ಫ್ರಾನ್ಸಿಸ್ಕೋದಾಗ ಛಂದ ಸಿಗ್ತದ. 1860ರ ಸುಮಾರಿಗೆ ಅಲ್ಲಿ ಮಾಂಟ್ಗಮರಿ ರಸ್ತಾದಾಗ ಒಂದು ಸೆರಿ ಅಂಗಡಿ ಮುಂದ ಬಮ್ಮರ್ ಅನ್ನೋ ನಾಯಿ ಠಿಕಾಣಿ ಹೂಡಿತ್ತು. ಆ ಊರು ತುಂಬ ಇಲಿ, ಬಮ್ಮರ್ ಇಲಿ ಹಿಡಿಯೋದ್ರಾಗ ಹುಲಿ. 1861ರಾಗ ಬ್ಯಾರೆ ನಾಯಿ ಕಡದು ಸಾಯೋ ಹಂಗಾಗಿದ್ದ ಇನ್ನೊಂದು ನಾಯೀನ್ನ ಇದು ಉಳಿಸ್ತು, ತನ್ನ ತುತ್ತು ತಂದು ತಿನಿಸ್ತು. ಸತ್ತು ಎದ್ದು ಬಂದದ್ದಂತ ಅದಕ್ಕ ಬೈಬಲ್ಲಿನ ಹೆಸರು ಇಟ್ರು, ಲಾಜರಸ್. ಎರಡೂ ಕೂಡೇ ಹೋಟೆಲ್, ಸೆರಿ ಅಂಗಡಿ ಸುತ್ತತಿದ್ವು, ತಿಂದು ಉಳದದ್ದು ತಿಂತಿದ್ವು. ಪೇಪರದಾಗ ಇವುಗಳ ಸುದ್ದಿ ಬರ್ತಿತ್ತು. 1862ರಾಗ ನಾಯಿ ಹಿಡಿಯವನು ಲಾಜರಸನ್ನ ಹಿಡದ. ಮಂದಿ ಎದ್ದು ನಿಂತು ಅರ್ಜಿ ಕೊಟ್ಟು ಬಿಡಿಸಿಕೊಂಡು ಬಂದ್ರು, ನಗರಸಭಾ ಈ ಎರಡೂ ನಾಯಿಗೆ ಕಾಯ್ದೆಯಿಂದ ಮಾಫಿ ಕೊಡ್ತು. 1865ರಾಗ ಬಮ್ಮರ್ ಸತ್ತಾಗ ಮಾರ್ಕ್ ಟ್ವೇನ್ ಪೇಪರದಾಗ ಅದಕ್ಕ ಶ್ರದ್ಧಾಂಜಲಿ ಬರದ. ಓದಲಿಕ್ಕೆ ಸಿಹಿ ಕತಿ. ಆದ್ರ ಲಕ್ಷ್ಯ ಕೊಟ್ಟು ನೋಡ್ರಿ, ಮಾಫಿ ಸಿಕ್ಕಿದ್ದು ಹೆಸರಿದ್ದ ಎರಡಕ್ಕ ಮಾತ್ರ. ಹೆಸರಿಲ್ಲದವುಗಳನ್ನ ನಾಯಿ ಹಿಡಿಯವನು ಒಯ್ಯೋದು ನಿಲ್ಲಲಿಲ್ಲ.

ಅಷ್ಟಕ್ಕೂ ಮಂದಿ ನಾಯಿಗೆ ಅಂಜಿದ್ದು ಸುಮ್ಮನೆ ಅಲ್ಲ. ಹುಚ್ಚುನಾಯಿ ಕಡದ್ರ ಮದ್ದಿಲ್ಲದ ಕಾಲ ಅದು. ಲೂಯಿ ಪಾಶ್ಚರ್ 1885ರ ಜುಲೈದಾಗ ಒಂಬತ್ತು ವರ್ಷದ ಹುಡುಗನ್ನ ಇಂಜೆಕ್ಷನ್ ಕೊಟ್ಟು ಉಳಿಸೋ ತನಕ ಕಡತ ಬಿದ್ದು ಹುಚ್ಚು ಹಿಡದ್ರ ಸಾವ ಗತಿ. ನಮ್ಮ ದೇಶದಾಗ ಪಾಶ್ಚರ್ ಹೆಸರಿನ ಸಂಸ್ಥಾ ಕಸೌಲಿಯೊಳಗ 1900ರಾಗ, ಕೂನೂರಿನಾಗ 1907ರಾಗ ಬಂದವು. ಅದಕ್ಕೂ ಮದಲ ಸರಕಾರಕ್ಕ ಗೊತ್ತಿದ್ದ ಮದ್ದು ಒಂದೇ: ಕೊಲ್ಲೂದು. 1832ರಾಗ ಮುಂಬೈ ಸರಕಾರ ಬೀದಿ ನಾಯಿ ಕೊಂದವರಿಗೆ ತಲಿಗಿಷ್ಟು ಅಂತ ರೊಕ್ಕ ಕೊಡಲಿಕ್ಕೆ ಹತ್ತಿತ್ತು. ರೊಕ್ಕದ ಆಸೆಕ್ಕ ಮನಿ ನಾಯೀನ್ನೂ ಎಳದ್ರು. ಜೂನ್ 6ಕ್ಕ ಪಾರಸಿ ಮಂದಿ ಬೀದಿಗಿಳದ್ರು, ಕೊಲಾಬಾದ ದಂಡಿಗೆ ಹೋಗೋ ಸಾಮಾನು ತಡದ್ರು. ಕುತ್ರಾನೋ ಬುಕ್ ತಗದಿಡೋ ಮಂದಿ, ಸುಮ್ಮನೆ ಹ್ಯಾಂಗ ಕೂತಾರು?

ರೋಗದ ಹುಳದ ವಿಚಾರ ತಿಳದ ಮ್ಯಾಲೆ ಹೋಟೆಲಿಗೆ ಸ್ವಚ್ಛತಾ ಕಾಯ್ದೆ ಬಂದವು, ಆ ಕಾಯ್ದೆಗಳು ನಾಯೀನ್ನ ಹೊರಗ ಹಾಕಿದ್ವು. ಅಮೇರಿಕಾದಾಗ ಇದು ಬಿಗಿ, ಕುರುಡರಿಗೆ ದಾರಿ ತೋರಸೋ ನಾಯಿಯಂಥಾ ಸೇವಾ ನಾಯಿ ಬಿಟ್ರ ಬ್ಯಾರೆ ನಾಯಿಗೆ ಹೋಟೆಲಿನಾಗ ಜಾಗ ಇರಲಿಲ್ಲ. ಯುರೋಪಿನ ನಿಯಮ ಅಡಗಿ ಮಾಡೋ, ಸಾಮಾನು ಇಡೋ ಜಾಗಕ್ಕ ಸಾಕಿದ ಪ್ರಾಣಿ ಬರಬಾರದು ಅಂತದ, ಉಣ್ಣೋ ಜಾಗದ ವಿಚಾರ ಮಾಲಕನಿಗೆ ಬಿಟ್ಟದ. ಅದಕ್ಕ ಪ್ಯಾರಿಸಿನಾಗ ಕಾಫಿ ಅಂಗಡಿ ಟೇಬಲ್ ಕೆಳಗ ನಾಯಿ ಮಲಗಿರೋದು ಸಾಮಾನ್ಯ, ಅದೇ ಕಾಲಕ್ಕ ಅಮೇರಿಕಾದಾಗ ಅದು ಗುನ್ಹೆ. ಹಂಗಾಗಿ ವೈನಿ, ಇದು ಅಮೇರಿಕಾದವರು ಕಲಿಸಿದ್ದು ಅನ್ನೋದು ಅಷ್ಟು ಸರಿ ಅಲ್ಲ. ಅವರೂ ಮೊನ್ನೆ ಮೊನ್ನೆ ಕಲತದ್ದು.

ಇಲ್ಲೆ ಒಂದು ಮಾತು ಹೇಳಲಾರದ ಮುಂದ ಹೋಗಲಿಕ್ಕೆ ಮನಸ್ಸು ಒಪ್ಪೂದಿಲ್ಲ. ನಾಯಿ ಮತ್ತು ಬಾಗಲ ಅಂದ ಕೂಡಲೆ ನಮ್ಮ ದೇಶದಾಗ ಬ್ಯಾರೆ ಬೋರ್ಡ್ ನೆನಪಾಗ್ತದ. ಚಿತ್ತಗಾಂಗದ ಪಹಾರತಲಿ ಯುರೋಪಿಯನ್ ಕ್ಲಬ್ಬಿನ ಮುಂದ ನಾಯಿಗೂ ಭಾರತೀಯರಿಗೂ ಪ್ರವೇಶ ಇಲ್ಲ ಅನ್ನೋ ಬೋರ್ಡ್ ಇತ್ತು ಅಂತಾರ. 1932ರ ಸೆಪ್ಟೆಂಬರದಾಗ ಆ ಕ್ಲಬ್ಬಿನ ಮ್ಯಾಲೆ ದಾಳಿ ಮಾಡಿದ ತಂಡದ ನಾಯಕಿ ಪ್ರೀತಿಲತಾ ವಡ್ಡೇದಾರ್, 21 ವರ್ಷದ ಮಾಸ್ತರಬಾಯಿ. ಇದನ್ನ ನಾವು ಎದಿ ಉಬ್ಬಿಸಿ ಹೇಳ್ತೀವಿ. ಆದ್ರ ಬೋರ್ಡ್ ಬರೀಲಾರದ ನಡಸಿದ್ದು ನಮ್ಮವರ ಲೆಕ್ಕದಾಗೂ ಅದ. ಮಹಾರಾಷ್ಟ್ರದ ಮಹಾಡದಾಗ ಚವದಾರ ಕೆರಿ ನೀರು ದನಾ ಕುಡೀತಿದ್ವು, ನಾಯಿ ಕುಡೀತಿದ್ವು, ದಲಿತರಿಗೆ ಮಾತ್ರ ಮುಟ್ಟಗೊಡತಿರಲಿಲ್ಲ. 1927ರ ಮಾರ್ಚ್ 20ಕ್ಕ ಡಾ. ಅಂಬೇಡ್ಕರರು ಸಾವಿರಾರು ಮಂದಿ ಜೋಡಿ ಹೋಗಿ ಆ ನೀರು ಕುಡದ್ರು. ನಮ್ಮ ಹಳ್ಳಿ ಚಾದಂಗಡಿಗಳೊಳಗ ಕೆಲವರಿಗೆ ಚಹಾ ಹೊರಗ, ಕಪ್ಪು ಬ್ಯಾರೆ, ಕುಡದ ಮ್ಯಾಲೆ ತಾವೇ ತೊಳದಿಡಬೇಕು. ಎಷ್ಟೋ ಕಡೆ ಈಗಲೂ ಇಲ್ಲ ಅಂತ ಎದಿ ತಟ್ಟಿ ಹೇಳಲಿಕ್ಕೆ ಬರೂದಿಲ್ಲ. ಸಂವಿಧಾನದ 15ನೇ ಕಲಮಿನಾಗ ಅಂಗಡಿ, ಹೋಟೆಲ್ ಅಂತ ಹೆಸರು ಹಿಡದು, ಜಾತಿ ಕಾರಣಕ್ಕ ಯಾರನ್ನೂ ತಡೀಬಾರದು ಅಂತ ಬರದದ್ದು ಇದೇ ಕಾರಣಕ್ಕ.

ಅದಕ್ಕ ಹೊರಗ ಕೂತು ತಿನ್ನೋದು ಅಂದ್ರ ಎಲ್ಲಾರಿಗೂ ಒಂದೇ ಅರ್ಥ ಅಲ್ಲ. ಒಂದು ಕಾಲಕ್ಕ ಅವಮಾನದ ಜಾಗ ಇದ್ದದ್ದಕ್ಕ ಈಗ ದೀಪದ ಸರಾ ಕಟ್ಟಿ, ಗಾರ್ಡನ್ ಅಂತ ಹೆಸರಿಟ್ಟು, ಕಾಫಿಗೆ ಹೆಚ್ಚಿಗಿ ರೊಕ್ಕ ತಗೋತಾರ. ಅಲ್ಲೆ ನಾಯಿಗೆ ಬ್ಯಾರೆ ಬಟ್ಟಲಾ ಇಟ್ಟದ್ದನ್ನ ನೋಡಿ ಯಾರರೆ ಹಿರಿಯರು ಮೌನ ಆದ್ರ, ಅವರಿಗೆ ನಾಯಿ ಕಂಡ್ರ ಆಗೂದಿಲ್ಲ ಅಂತ ತಿಳೀಬ್ಯಾಡ್ರಿ. ಅವರಿಗೆ ಬ್ಯಾರೆ ಕಪ್ಪು ನೆನಪಾಗಿರಬಹುದು.

ಈಗ ಅಮೇರಿಕಾದ ಕಾಯ್ದೆ. ಫ್ಲಾರಿಡಾ ರಾಜ್ಯದಾಗ ಮಂದಿ ಅಂಗಳದ ಹೋಟೆಲಿಗೆ ನಾಯಿ ಒಯ್ಯಲಿಕ್ಕೆ ಸುರು ಮಾಡಿದ್ರು, ಇನ್ಸ್‌ಪೆಕ್ಟರ್ ಬಂದು ನೋಟೀಸು ಕೊಡ್ತಿದ್ರು. 2006ರಾಗ ಅಲ್ಲೊಂದು ಕಾಯ್ದೆ ಆತು, ಆಯಾ ಊರಿನವರು ಬೇಕಾದ್ರ ಪರವಾನಗಿ ಕೊಡಬಹುದು ಅಂತ. ಕಾಯ್ದೆಗೆ ಇಟ್ಟ ಹೆಸರೂ ನಾಯೀದ, ಡಿಕ್ಸಿ ಕಪ್ ಕ್ಲಾರಿ. ಮದಲ ಮೂರು ವರ್ಷ ಪ್ರಯೋಗ, ಆಮ್ಯಾಲೆ ಕಾಯಂ. ಅದರ ನಿಯಮ ಓದಿ ನನಗ ನಗು ತಡೀಲಿಕ್ಕೆ ಆಗಲಿಲ್ಲ. ಬಡಸೋರು ನಾಯಿ ಮುಟ್ಟಬಾರದು, ಮುಟ್ಟಿದ್ರ ಆ ಕ್ಷಣ ಕೈ ತೊಳೀಬೇಕು. ನಾಯಿ ಖುರ್ಚಿ ಮ್ಯಾಲೆ, ಟೇಬಲ್ ಮ್ಯಾಲೆ ಹತ್ತಬಾರದು. ತಾಟು, ಚಮಚಾಕ್ಕ ಅದರ ಬಾಯಿ ತಾಗಬಾರದು. ಹಗ್ಗ ಬಿಡಬಾರದು. ಒಂದು-ಎರಡು ಮಾಡಿದ್ರ ತಕ್ಷಣ ಬಳದು ತೊಳೀಬೇಕು. ಒಳಗಿನ ಕೋಲಿ ದಾಟಿ ಅಂಗಳಕ್ಕ ಹೋಗಬಾರದು. ನಮ್ಮ ಅತ್ತಿಯವರು ಯಾವ ಶಾಸನಸಭಾಕ್ಕೂ ಹೋಗಲಾರದ ಇದನ್ನೆಲ್ಲಾ 40 ವರ್ಷ ನಡಸಿಕೊಂಡು ಬಂದಿದ್ರು! ನಾಯಿ ಬಟ್ಟಲಾ ಹಿತ್ತಲದಾಗ ಬ್ಯಾರೆ, ಮುಟ್ಟಿದ ಕೈಲೆ ಕೊಡಾ ಹಿಡಿಯಂಗಿಲ್ಲ, ಪಡಸಾಲಿ ದಾಟಿದ್ರ ಕೋಲು.

ಕ್ಯಾಲಿಫೋರ್ನಿಯಾದ ಕಾಯ್ದೆ 2015ರ ಜನವರಿ 1ಕ್ಕ ಜಾರಿಗೆ ಬಂತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ್ದೂ ಆತು. ಕ್ಯಾಲಿಫೋರ್ನಿಯಾದಾಗ ಅಂಗಳಕ್ಕ ಹೊರಗಿಂದ ಬ್ಯಾರೆ ಬಾಗಲಾ ಬೇಕು, ನಾಯಿಗೆ ತಿನ್ನಲಿಕ್ಕೆ ಕೊಟ್ರ ಬಿಸಾಕೋ ಬಟ್ಟಲದಾಗನ ಕೊಡಬೇಕು. ಇಡೀ ದೇಶಕ್ಕ ಮಾದರಿ ಅಂತ ಕೇಂದ್ರದವರು ಹೊರಡಸೋ ಆಹಾರ ಸಂಹಿತೆಯೊಳಗ ಅಂಗಳಕ್ಕ ನಾಯಿ ಬಿಡಬಹುದು ಅಂತ ಸೇರಿದ್ದು 2022ರ ಆವೃತ್ತಿಯೊಳಗ. ಎಲ್ಲಾ ಕಡೆ ಸಾರ ಒಂದೇ: ನೆಕ್ಕಬಾರದು, ಏರಬಾರದು, ಬಂದು ಕೂತ್ರ ತಕರಾರಿಲ್ಲ. ಸರಮೆ ಕೇಳಿದ್ದೂ ಅಷ್ಟೇ ಅಲ್ಲೇನು?

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ 2011ರವು. ಹೋಟೆಲ್ ಜಾಗದಾಗ ಪ್ರಾಣಿ, ಪಕ್ಷಿ, ಸಾಕಿದ ಪ್ರಾಣಿ ಬಿಡಬಾರದು ಅಂತ ಅದರಾಗ ನೆಟ್ಟಗ ಬರದದ. ಆದ್ರೂ ಬೆಂಗಳೂರು, ಪುಣೆ, ಮುಂಬೈದಾಗ "ನಾಯಿಗೆ ಸ್ವಾಗತ" ಅಂತ ಬೋರ್ಡ್ ಹಾಕಿದ ಅಂಗಡಿ ಅವ. ಅಂಗಳ ಅಂದ್ರ ಹೋಟೆಲ್ ಒಳಗೋ ಹೊರಗೋ ಅನ್ನೋ ಸಂದಿಯೊಳಗ ನಡದದ ಇದು. ಮತ್ತೊಂದು ಫರಕು ಅದ. ಅಮೇರಿಕಾದ ಅಂಗಳದಾಗ ಇರೋದು ಹಗ್ಗ ಹಿಡದವರ ನಾಯಿ ಅಷ್ಟೇ. ನಮ್ಮಲ್ಲೆ ಗೇಟಿನ ಹೊರಗ ಇನ್ನ ನಾಕು ಕೂತಿರ್ತಾವ. ಒಳಗಿನ ಲ್ಯಾಬ್ರಡಾರಿಗೆ ಬೇಯಿಸಿದ ಕೋಳಿ, ಹೊರಗಿನ ಕೆಂಚಕ್ಕ ಕಲ್ಲು. ಮುಧೋಳದ ನಾಯಿಗೆ ಅಂಚೆ ಇಲಾಖೆ 2005ರಾಗ ಸ್ಟ್ಯಾಂಪ್ ಮಾಡಿ ಮರ್ಯಾದಿ ಕೊಡ್ತು, ಆದ್ರ ಅಂಗಳದ ಹೋಟೆಲಿನಾಗ ನಾ ಕಂಡದ್ದೆಲ್ಲಾ ಪರದೇಶಿ ತಳೀನ.

ಬೀದಿ ನಾಯಿ ಅಂಜಿಕಿ ಸಣ್ಣದಲ್ಲ. ಜಗತ್ತಿನಾಗ ರೇಬೀಸದಿಂದ ಸಾಯೋ ಮಂದಿಯೊಳಗ ಮೂರನೇ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದವರು ಅಂತ ವಿಶ್ವ ಆರೋಗ್ಯ ಸಂಸ್ಥಾ ಹೇಳ್ತದ. ಅದರಾಗ ಸಣ್ಣ ಮಕ್ಕಳು ಭಾಳ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ಕ್ಕ ಹೇಳಿದ್ದು ಏನಂದ್ರ, ಹಿಡದ ಬೀದಿ ನಾಯಿಗೆ ಸಂತಾನ ಆಗದಂಗ ಆಪರೇಷನ್ ಮಾಡಿ, ಲಸಿಕಿ ಹಾಕಿ, ತಂದಲ್ಲೇ ಬಿಡಬೇಕು. ಹುಚ್ಚು ಹಿಡದದ್ದು, ಮೈಮ್ಯಾಲೆ ಬರೋದು ಇದ್ರ ಬಿಡಂಗಿಲ್ಲ. ರಸ್ತಾ ಮ್ಯಾಲೆ ಕಂಡಕಂಡಲ್ಲೆ ಅನ್ನ ಹಾಕಬಾರದು, ವಾರ್ಡಿಗೊಂದು ಜಾಗ ಗುರ್ತು ಮಾಡಿ ಅಲ್ಲೇ ಹಾಕಬೇಕು. ಅಂದ್ರ ಬೀದಿ ನಾಯಿಗೂ ಒಂದು ಊಟದ ಕಟ್ಟಿ ಗೊತ್ತು ಮಾಡ್ರಿ ಅಂದಂಗಾತು. ನಮ್ಮ ವಾರ್ಡಿನ ಕಟ್ಟಿ ಎಲ್ಲೆ ಅಂತ ಇನ್ನೂ ಯಾರೂ ತೋರಿಸಿಲ್ಲ, ಕಡೇ ರೊಟ್ಟಿ ತಗದಿಡೋ ಮನಿಯವರು ಕೇಳಲಿಕ್ಕೆ ಹತ್ಯಾರ.

ಮಕ್ಕಳ ಜೋಡಿ ನೀವೂ ಅಂಥಾ ಹೋಟೆಲಿಗೆ ಹೋಗೋ ಪ್ರಸಂಗ ಬಂದ್ರ ಸೊಸಿಗೆ ಇಷ್ಟು ಹೇಳಿ ಇಡ್ರಿ: ಲಸಿಕಿ ಕಾರ್ಡು ಚೀಲದಾಗ ಇರಲಿ, ಮನಿಯಿಂದನ ಅದರ ಬಟ್ಟಲಾ, ಹಾಸಲಿಕ್ಕೆ ಒಂದು ಹಳೇ ಅರಿವಿ, ಬಳದು ಹಾಕಲಿಕ್ಕೆ ಎರಡು ಚೀಲ ತಗೊಂಡು ಹೋಗಬೇಕು. ಮಂದಿ ಓಡಾಡೋ ದಾರ್ಯಾಗ ಕಟ್ಟೋದಲ್ಲ, ಮೂಲಿ ಟೇಬಲ್ ಕೇಳಬೇಕು. ಬಾಜೂ ಟೇಬಲ್ ಮಂದಿಗೆ "ನಾಯಿ ಇದ್ರ ನಡೀತದೇನ್ರಿ" ಅಂತ ಒಂದು ಮಾತು ಕೇಳೇ ಕೂಡಬೇಕು. ಟೇಬಲ್ ಒರಸೋ ಹುಡುಗನ ಕೈಯಾಗ ಒಂದೀಟು ಹೆಚ್ಚಿಗಿ ರೊಕ್ಕ ಇಡಬೇಕು, ನಾಯಿ ಕೂದಲ ಬಳಿಯಾವ ಅವನ. ಯಾವ ನಾಯೀನ ಆಗಲಿ, ಹಲ್ಲು ತಾಗಿದ್ರ, ಉಗರು ಪರಚಿದ್ರ, ಹರಿಯೋ ನೀರಾಗ ಸಬಕಾರ ಹಚ್ಚಿ 15 ನಿಮಿಷ ತೊಳದು ಅವತ್ತೇ ದವಾಖಾನಿಗೆ ಹೋಗಿ ಇಂಜೆಕ್ಷನ್ ತಗೋಬೇಕು. ಅರಿಷಿಣ, ಸುಣ್ಣಾ, ಖಾರದಪುಡಿ ಏನೂ ಹಚ್ಚಬ್ಯಾಡ್ರಿ.